ಡೇಟನ್ ಮೊಕದ್ದಮೆ: ವಿಕಾಸವಾದ, ಧರ್ಮಶ್ರದ್ಧೆ ಮತ್ತು ಪಠ್ಯಪುಸ್ತಕ

ಚಾರ್ಲ್ಸ್ ಡಾರ್ವಿನ್‌ನ ‘ಆನ್ ದಿ ಆರಿಜಿನ್ ಆಫ್ ಸ್ಪೀಶೀಸ್’ ೧೮೫೯ರಲ್ಲಿಯೂ ಮಾನವನ ಉಗಮವನ್ನು ನೇರವಾಗಿ ಚರ್ಚಿಸುವ ‘ದಿ ಡಿಸೆಂಟ್ ಆಫ್ ಮ್ಯಾನ್’ ೧೮೭೧ರಲ್ಲಿಯೂ ಪ್ರಕಟವಾದವು. ಈ ಕೃತಿಗಳು ಎಬ್ಬಿಸಿದ ವಾಗ್ವಾದವು ಹಲವು ದಶಕಗಳ ಕಾಲ ಬಹುಮಟ್ಟಿಗೆ ವಿದ್ವಾಂಸರ, ಧರ್ಮಗುರುಗಳ ಮತ್ತು ನಿಯತಕಾಲಿಕೆಗಳ ವಲಯದಲ್ಲಿಯೇ ನಡೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸಾರ್ವಜನಿಕ ಪ್ರೌಢಶಿಕ್ಷಣವು ಗ್ರಾಮಾಂತರ ಪ್ರದೇಶಗಳಿಗೂ ವಿಸ್ತರಿಸಿದಾಗ ಇದೇ ವಾಗ್ವಾದವು ತರಗತಿಯ ಬಾಗಿಲಿಗೆ ಬಂದಿತು. ಟೆನೆಸೀ ರಾಜ್ಯದ ಡೇಟನ್ ಎಂಬ ಸಣ್ಣ ಪಟ್ಟಣದಲ್ಲಿ ೧೯೨೫ರ ಜುಲೈ ತಿಂಗಳಲ್ಲಿ ನಡೆದ ಸ್ಕೋಪ್ಸ್ ಮೊಕದ್ದಮೆಯು ಈ ಘಟ್ಟದ ಪ್ರಮುಖ ಘಟನೆ. ವಿಜ್ಞಾನವು ಧರ್ಮವನ್ನು ಎದುರಿಸಿ ನೈತಿಕ ವಿಜಯ ಪಡೆದ ಸಂದರ್ಭವೆಂದು ಇದನ್ನು ವರ್ಣಿಸುವುದು ರೂಢಿಯಾಗಿದೆ. ಮೊಕದ್ದಮೆಯ ನಡಾವಳಿಯನ್ನೂ ಅದರ ಅನಂತರದ ಪಠ್ಯಪುಸ್ತಕಗಳ ಇತಿಹಾಸವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ವರ್ಣನೆ ಪೂರ್ಣವಾಗಿ ನಿಲ್ಲುವುದಿಲ್ಲ.

ರೈತನೂ ರಾಜ್ಯ ಶಾಸನಸಭೆಯ ಸದಸ್ಯನೂ ಆಗಿದ್ದ ಜಾನ್ ವಾಷಿಂಗ್ಟನ್ ಬಟ್ಲರ್ ಮಂಡಿಸಿದ ಮಸೂದೆಗೆ ಟೆನೆಸೀ ರಾಜ್ಯಪಾಲ ಆಸ್ಟಿನ್ ಪೇ ೧೯೨೫ರ ಮಾರ್ಚ್ ೨೧ರಂದು ಅಂಕಿತ ಹಾಕಿದನು. ಬೈಬಲ್ ಬೋಧಿಸುವ ಮಾನವಸೃಷ್ಟಿಯ ವೃತ್ತಾಂತವನ್ನು ನಿರಾಕರಿಸಿ, ಮಾನವನು ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಅನುದಾನದ ಶಾಲೆಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ಕಲಿಸುವುದನ್ನು ಈ ಕಾಯಿದೆ ಅಪರಾಧವೆಂದು ಸಾರಿತು. ತಪ್ಪಿತಸ್ಥರಿಗೆ ೧೦೦ರಿಂದ ೫೦೦ ಡಾಲರುಗಳವರೆಗೆ ದಂಡ ವಿಧಿಸಬಹುದಾಗಿತ್ತು. ಸಸ್ಯಗಳ ಮತ್ತು ಇತರ ಪ್ರಾಣಿಗಳ ವಿಕಾಸದ ಬೋಧನೆಯನ್ನು ಕಾಯಿದೆ ನಿಷೇಧಿಸಲಿಲ್ಲವೆಂಬುದು ಗಮನಾರ್ಹ. ಅದರ ಆಕ್ಷೇಪವೆಲ್ಲ ಮಾನವನ ಸ್ಥಾನವನ್ನು ಕುರಿತದ್ದಾಗಿತ್ತು.

ಈ ಕಾಯಿದೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಮುಂದಾಗುವ ಶಿಕ್ಷಕನಿಗೆ ನೆರವು ನೀಡುವುದಾಗಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ಸಂಸ್ಥೆ ಪತ್ರಿಕೆಗಳ ಮೂಲಕ ಪ್ರಕಟಿಸಿತು. ಡೇಟನ್ನಿನ ಗಣಿ ಕಂಪನಿಯೊಂದರ ವ್ಯವಸ್ಥಾಪಕನಾಗಿದ್ದ ಜಾರ್ಜ್ ರ‍್ಯಾಪಲ್‌ಯೇ ಈ ಪ್ರಕಟಣೆಯನ್ನು ಕಂಡು, ಇಂಥ ಮೊಕದ್ದಮೆ ನಡೆದರೆ ಊರಿಗೆ ಹೆಸರು ಬರುವುದೆಂದು ಸ್ಥಳೀಯ ಮುಖಂಡರನ್ನು ಒಪ್ಪಿಸಿದನು. ಸಮಾಲೋಚನೆ ನಡೆದದ್ದು ಎಫ್. ಇ. ರಾಬಿನ್‌ಸನ್ ಎಂಬವನ ಔಷಧದ ಅಂಗಡಿಯಲ್ಲಿ. ಆತನೇ ಕೌಂಟಿಯ ಶಾಲಾ ಮಂಡಲಿಯ ಅಧ್ಯಕ್ಷನೂ ಆಗಿದ್ದನು. ಅಲ್ಲಿಗೆ ಕರೆಸಲ್ಪಟ್ಟ ಜಾನ್ ಥಾಮಸ್ ಸ್ಕೋಪ್ಸ್ ೨೪ ವರ್ಷದ ತರುಣ. ಸಾಮಾನ್ಯ ವಿಜ್ಞಾನದ ಶಿಕ್ಷಕ ಹಾಗೂ ಫುಟ್‌ಬಾಲ್ ತರಬೇತುದಾರ. ಜೀವಶಾಸ್ತ್ರದ ಶಿಕ್ಷಕನ ಗೈರುಹಾಜರಿಯಲ್ಲಿ ಕೆಲವು ದಿನ ಆ ತರಗತಿಯನ್ನು ನೋಡಿಕೊಂಡಿದ್ದನಷ್ಟೆ. ವಿಕಾಸದ ಪಾಠವನ್ನು ತಾನು ನಿಜವಾಗಿ ಮಾಡಿದ್ದೆನೇ ಎಂಬ ಬಗ್ಗೆ ಆತನಿಗೇ ಖಚಿತವಿರಲಿಲ್ಲ. ಆದರೂ ಆರೋಪಿಯಾಗಲು ಒಪ್ಪಿದನು. ಪಾಠಕ್ಕೆ ಬಳಕೆಯಲ್ಲಿದ್ದ ಜಾರ್ಜ್ ವಿಲಿಯಮ್ ಹಂಟರ್‌ನ ‘ಎ ಸಿವಿಕ್ ಬಯಾಲಜಿ’ (೧೯೧೪) ಟೆನೆಸೀ ರಾಜ್ಯವೇ ಅಂಗೀಕರಿಸಿದ್ದ ಪಠ್ಯಪುಸ್ತಕ. ಹೀಗೆ ಒಂದು ಕೈಯಿಂದ ರಾಜ್ಯವು ನೀಡಿದ ಪಾಠವನ್ನು ಇನ್ನೊಂದು ಕೈಯಿಂದ ಅಪರಾಧವಾಗಿಸಿತ್ತು.

ಪ್ರಾಸಿಕ್ಯೂಷನ್ ಪರವಾಗಿ ಬಂದ ವಿಲಿಯಮ್ ಜೆನಿಂಗ್ಸ್ ಬ್ರಯಾನ್ ಅಧ್ಯಕ್ಷ ಪದವಿಗೆ ಮೂರು ಬಾರಿ ಡೆಮಾಕ್ರಟಿಕ್ ಪಕ್ಷದಿಂದ ಸ್ಪರ್ಧಿಸಿದ್ದವನು. ೧೯೧೩ರಿಂದ ೧೯೧೫ರವರೆಗೆ ವಿದೇಶಾಂಗ ಸಚಿವನಾಗಿದ್ದವನು. ರೈತರ ಮತ್ತು ಕಾರ್ಮಿಕರ ಪಕ್ಷಪಾತಿಯೆಂದು ಖ್ಯಾತನಾಗಿದ್ದ ಈತನನ್ನು ಕೇವಲ ಪ್ರಗತಿವಿರೋಧಿಯೆಂದು ತಳ್ಳಿಹಾಕುವುದು ಇತಿಹಾಸಕ್ಕೆ ಅಪಚಾರವಾದೀತು. ಬಲಿಷ್ಠನೇ ಉಳಿಯಬೇಕೆಂಬ ತತ್ತ್ವವು ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸೇನಾನಿಗಳಿಗೆ ಸಮರ್ಥನೆಯಾಗಿ ಒದಗಿತೆಂದೂ ದುರ್ಬಲರ ಬಗೆಗಿನ ಕನಿಕರವನ್ನು ಅದು ನಾಶಮಾಡುವುದೆಂದೂ ಆತ ನಂಬಿದ್ದನು. ಈ ಆತಂಕಕ್ಕೆ ಆಧಾರವೇ ಇರಲಿಲ್ಲವೆನ್ನುವಂತಿಲ್ಲ. ಹಂಟರ್‌ನ ಪುಸ್ತಕದಲ್ಲಿಯೇ ಮಾನವ ಜನಾಂಗಗಳನ್ನು ಮೇಲು-ಕೀಳಾಗಿ ವಿಂಗಡಿಸಿ ಬಿಳಿಯರನ್ನು ಅಗ್ರಸ್ಥಾನದಲ್ಲಿರಿಸಿದ ಭಾಗವೂ ಅಂದು ವಿಜ್ಞಾನವೆಂದೇ ಮಾನ್ಯವಾಗಿದ್ದ ಸುಸಂತಾನವಾದದ ಬೋಧನೆಯೂ ಇದ್ದವು. ಆದರೆ ಒಂದು ಸಿದ್ಧಾಂತದ ದುರುಪಯೋಗ ಬೇರೆ, ಅದರ ಸತ್ಯಾಸತ್ಯತೆ ಬೇರೆ. ಈ ಭೇದವನ್ನು ಬ್ರಯಾನ್ ಗುರುತಿಸಲಿಲ್ಲ. ಆತನ ಇನ್ನೊಂದು ವಾದ ಪ್ರಜಾಸತ್ತೆಗೆ ಸಂಬಂಧಿಸಿದುದು: ಜನರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಏನನ್ನು ಕಲಿಸಬೇಕೆಂಬುದನ್ನು ಜನರೇ ನಿರ್ಧರಿಸಬೇಕು. ಮೊಕದ್ದಮೆಯ ನಿಜವಾದ ತಿರುಳು ಇಲ್ಲಿದೆ. ಬಹುಸಂಖ್ಯಾತರ ಇಚ್ಛೆಯು ಜ್ಞಾನದ ವಿಷಯದಲ್ಲಿಯೂ ಅಂತಿಮವೇ ಎಂಬುದು ಪ್ರಶ್ನೆ.

ಪ್ರತಿವಾದಿಯ ಪರವಾಗಿ ಸಂಭಾವನೆಯಿಲ್ಲದೆ ವಾದಿಸಲು ಬಂದ ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೋ ಅಜ್ಞೇಯವಾದಿ. ಆದರೆ ಆ ಪಕ್ಷದ ಎಲ್ಲರೂ ಅಂಥವರಾಗಿರಲಿಲ್ಲ. ಸಾಕ್ಷಿಕಟ್ಟೆ ಏರಿದ ಪ್ರಾಣಿಶಾಸ್ತ್ರಜ್ಞ ಮೇನಾರ್ಡ್ ಮೆಟ್‌ಕಾಫ್ ತನ್ನ ಚರ್ಚಿನ ಸಕ್ರಿಯ ಸದಸ್ಯನಾಗಿದ್ದನು. ಲಿಖಿತ ಹೇಳಿಕೆ ಒಪ್ಪಿಸಿದ ಹಾರ್ವರ್ಡ್‌ನ ಭೂವಿಜ್ಞಾನಿ ಕರ್ಟ್ಲಿ ಮ್ಯಾಥರ್ ಬ್ಯಾಪ್ಟಿಸ್ಟ್ ಪಂಥದವನು. ಜೀವವಿಕಾಸಕ್ಕೂ ಕ್ರೈಸ್ತಶ್ರದ್ಧೆಗೂ ವಿರೋಧವಿಲ್ಲವೆಂದು ಇಂಥವರ ಮೂಲಕ ತೋರಿಸುವುದು ಪ್ರತಿವಾದಿ ಪಕ್ಷದ ತಂತ್ರವಾಗಿತ್ತು. ಸ್ಕೋಪ್ಸ್ ಕಾಯಿದೆಯನ್ನು ಮೀರಿದನೇ ಇಲ್ಲವೇ ಎಂಬುದಷ್ಟೇ ವಿಚಾರಣೆಯ ವಿಷಯವೆಂದು ನ್ಯಾಯಾಧೀಶ ಜಾನ್ ರಾಲ್‌ಸ್ಟನ್ ನಿರ್ಣಯಿಸಿ ತಜ್ಞರ ಸಾಕ್ಷ್ಯವನ್ನು ಜ್ಯೂರಿಯ ಮುಂದೆ ಇಡಲು ಅವಕಾಶ ಕೊಡಲಿಲ್ಲ. ವಿಕಾಸವಾದವು ಸತ್ಯವೇ ಎಂಬ ಪ್ರಶ್ನೆ ಹೀಗೆ ಆ ನ್ಯಾಯಾಲಯದಲ್ಲಿ ತೀರ್ಮಾನಕ್ಕೆ ಬರಲೇ ಇಲ್ಲ.

ಜುಲೈ ೨೦ರಂದು ನ್ಯಾಯಾಲಯದ ಹೊರಗಿನ ಹುಲ್ಲುಹಾಸಿನ ಮೇಲೆ ಕಲಾಪ ನಡೆದಾಗ ಡ್ಯಾರೋ ಬ್ರಯಾನನನ್ನೇ ಬೈಬಲ್ ತಜ್ಞನೆಂದು ಸಾಕ್ಷಿಯಾಗಿ ಕರೆದು ಪ್ರಶ್ನಿಸಿದನು. ಮೀನಿನ ಹೊಟ್ಟೆ ಸೇರಿದ ಯೋನಾ, ಯೆಹೋಶುವನ ಕಾಲದಲ್ಲಿ ಸ್ತಬ್ಧನಾದ ಸೂರ್ಯ, ಜಲಪ್ರಳಯದ ಕಾಲಗಣನೆ ಮೊದಲಾದ ವಿಷಯಗಳು ಚರ್ಚೆಗೆ ಬಂದವು. ಸೃಷ್ಟಿಯ ಆರು ದಿನಗಳು ೨೪ ಗಂಟೆಗಳ ದಿನಗಳೇ ಆಗಿರಬೇಕಾಗಿಲ್ಲವೆಂದು ಬ್ರಯಾನ್ ಒಪ್ಪಿದನು. ಧರ್ಮಗ್ರಂಥಕ್ಕೆ ಅಕ್ಷರಶಃ ನಿಷ್ಠನೆಂದು ತಿಳಿಯಲಾಗಿದ್ದವನೂ ಅದನ್ನು ವ್ಯಾಖ್ಯಾನಿಸಿಯೇ ಓದುತ್ತಿದ್ದನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪತ್ರಿಕೆಗಳಲ್ಲಿ ಪ್ರಖ್ಯಾತವಾದ ಈ ಪ್ರಸಂಗವನ್ನು ಜ್ಯೂರಿ ಕೇಳಲಿಲ್ಲ. ಮರುದಿನ ನ್ಯಾಯಾಧೀಶನು ಅದನ್ನು ಕಡತದಿಂದ ತೆಗೆದುಹಾಕಿದನು. ಮೇಲ್ಮನವಿಗೆ ದಾರಿಯಾಗಲೆಂದು ಡ್ಯಾರೋ ತಾನೇ ಅಪರಾಧಿಯೆಂಬ ತೀರ್ಪನ್ನು ಕೋರಿದನು. ಜ್ಯೂರಿ ಒಂಬತ್ತು ನಿಮಿಷಗಳಲ್ಲಿ ಅದನ್ನು ನೀಡಿತು. ನ್ಯಾಯಾಧೀಶನು ೧೦೦ ಡಾಲರ್ ದಂಡ ವಿಧಿಸಿದನು. ಐದು ದಿನಗಳ ಅನಂತರ, ಜುಲೈ ೨೬ರಂದು, ಬ್ರಯಾನ್ ಡೇಟನ್ನಿನಲ್ಲಿಯೇ ನಿಧನನಾದನು.

ಮೇಲ್ಮನವಿಯ ಪರಿಣಾಮ ಯಾರೂ ನಿರೀಕ್ಷಿಸಿದಂತಿರಲಿಲ್ಲ. ಟೆನೆಸೀಯ ಸರ್ವೋಚ್ಚ ನ್ಯಾಯಾಲಯವು ೧೯೨೭ರ ಜನವರಿಯಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು; ಆದರೆ ೫೦ ಡಾಲರಿಗೆ ಮೀರಿದ ದಂಡವನ್ನು ರಾಜ್ಯದ ಸಂವಿಧಾನದ ಪ್ರಕಾರ ಜ್ಯೂರಿಯೇ ನಿಗದಿಪಡಿಸಬೇಕಾಗಿತ್ತೆಂಬ ಕಾರಣದಿಂದ ಶಿಕ್ಷೆಯನ್ನು ರದ್ದುಪಡಿಸಿತು. ಶಿಕ್ಷೆಯೇ ಇಲ್ಲವಾದುದರಿಂದ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತುವ ಮಾರ್ಗ ಮುಚ್ಚಿತು. ಮಿಸಿಸಿಪಿ ೧೯೨೬ರಲ್ಲಿಯೂ ಆರ್ಕನ್ಸಾ ೧೯೨೮ರಲ್ಲಿಯೂ ಇಂಥವೇ ಕಾಯಿದೆಗಳನ್ನು ಪಡೆದವು. ಆರ್ಕನ್ಸಾದ ಕಾಯಿದೆ ಶಾಸನಸಭೆಯಿಂದಲ್ಲ, ಜನಮತದಿಂದಲೇ ಜಾರಿಗೆ ಬಂದಿತೆಂಬುದು ಬ್ರಯಾನನ ಪ್ರಜಾಸತ್ತೆಯ ವಾದವನ್ನು ನೆನಪಿಗೆ ತರುತ್ತದೆ.

ಇದಕ್ಕಿಂತ ಆಳವಾದ ಬದಲಾವಣೆಯು ಪ್ರಕಾಶಕರ ಕಚೇರಿಗಳಲ್ಲಿ ಸದ್ದಿಲ್ಲದೆ ನಡೆಯಿತು. ಟ್ರೂಮನ್ ಮೂನ್‌ನ ‘ಬಯಾಲಜಿ ಫಾರ್ ಬಿಗಿನರ್ಸ್’ ಪಠ್ಯದ ೧೯೨೧ರ ಆವೃತ್ತಿಯ ಮುಖಚಿತ್ರವು ಡಾರ್ವಿನ್‌ನ ಭಾವಚಿತ್ರವಾಗಿತ್ತು. ೧೯೨೬ರ ಆವೃತ್ತಿಯಲ್ಲಿ ಆ ಸ್ಥಳಕ್ಕೆ ಜೀರ್ಣಾಂಗವ್ಯೂಹದ ಚಿತ್ರ ಬಂದಿತು. ಹಂಟರ್‌ನ ಪಠ್ಯವೂ ೧೯೨೬ರಲ್ಲಿ ಪರಿಷ್ಕೃತವಾಗಿ ವಿಕಾಸದ ಚರ್ಚೆಯನ್ನು ಮಸುಕುಗೊಳಿಸಿತು. ಈ ಮೌನಕ್ಕೆ ಡೇಟನ್ ಮೊಕದ್ದಮೆಯೇ ಪ್ರಧಾನ ಕಾರಣವೆಂದು ಜುಡಿತ್ ಗ್ರಾಬಿನರ್ ಮತ್ತು ಪೀಟರ್ ಮಿಲ್ಲರ್ ೧೯೭೪ರ ತಮ್ಮ ಅಧ್ಯಯನದಲ್ಲಿ ವಾದಿಸಿದರು. ಪಠ್ಯಪುಸ್ತಕ ವ್ಯಾಪಾರದ ಒತ್ತಡಗಳನ್ನು ಆಡಮ್ ಶಪಿರೋ ೨೦೧೩ರಲ್ಲಿ ವಿವರವಾಗಿ ಪರಿಶೀಲಿಸಿ, ಮೊಕದ್ದಮೆಯನ್ನೂ ಆ ವ್ಯಾಪಾರದ ಹಿನ್ನೆಲೆಯಲ್ಲಿಯೇ ಅರ್ಥೈಸಬೇಕೆಂದು ಸೂಚಿಸಿದ್ದಾರೆ. ಕಾರಣಗಳ ತೂಕ ಹೇಗೇ ಇರಲಿ, ಇಡೀ ಒಂದು ತಲೆಮಾರಿನ ಅನೇಕ ವಿದ್ಯಾರ್ಥಿಗಳು ಜೀವಶಾಸ್ತ್ರದ ಕೇಂದ್ರತತ್ತ್ವದ ಸಮರ್ಪಕ ಪರಿಚಯವಿಲ್ಲದೆಯೇ ಜೀವಶಾಸ್ತ್ರವನ್ನು ಓದಿದರು.

ಸೋವಿಯತ್ ಒಕ್ಕೂಟ ೧೯೫೭ರಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ಅಮೆರಿಕದ ವಿಜ್ಞಾನಶಿಕ್ಷಣ ಮರುಪರಿಶೀಲನೆಗೆ ಒಳಗಾಯಿತು. ೧೯೫೮ರಲ್ಲಿ ಸ್ಥಾಪಿತವಾದ ಜೀವವಿಜ್ಞಾನ ಪಠ್ಯಕ್ರಮ ಅಧ್ಯಯನ ಸಂಸ್ಥೆಯು ೧೯೬೩ರಲ್ಲಿ ಹೊರತಂದ ಪಠ್ಯಗಳಲ್ಲಿ ವಿಕಾಸವು ಮತ್ತೆ ಕೇಂದ್ರಕ್ಕೆ ಬಂದಿತು. ಟೆನೆಸೀ ತನ್ನ ಕಾಯಿದೆಯನ್ನು ೧೯೬೭ರಲ್ಲಿ ರದ್ದುಪಡಿಸಿತು. ಲಿಟಲ್ ರಾಕ್ ನಗರದ ಜೀವಶಾಸ್ತ್ರ ಶಿಕ್ಷಕಿ ಸೂಸನ್ ಎಪರ್ಸನ್ ಹೂಡಿದ ಮೊಕದ್ದಮೆಯಲ್ಲಿ ಆರ್ಕನ್ಸಾದ ಕಾಯಿದೆಯನ್ನು ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯ ೧೯೬೮ರಲ್ಲಿ ಅಸಿಂಧುವೆಂದು ಘೋಷಿಸಿತು. ನಿಷೇಧದ ಮಾರ್ಗ ಮುಚ್ಚಿದ ಮೇಲೆ ವಿಕಾಸದ ಜೊತೆಗೆ ‘ಸೃಷ್ಟಿವಿಜ್ಞಾನ’ವನ್ನೂ ಸಮಾನವಾಗಿ ಕಲಿಸಬೇಕೆಂಬ ಬೇಡಿಕೆ ಹುಟ್ಟಿತು. ಆರ್ಕನ್ಸಾದ ಇಂಥ ಕಾಯಿದೆಯನ್ನು ೧೯೮೨ರಲ್ಲಿ ನ್ಯಾಯಾಧೀಶ ವಿಲಿಯಮ್ ಓವರ್ಟನ್ ತಳ್ಳಿಹಾಕಿದಾಗ ಫಿರ್ಯಾದುದಾರರ ಮೊದಲ ಹೆಸರು ಮೆಥಡಿಸ್ಟ್ ಪಾದ್ರಿಯೊಬ್ಬರದು; ಹಲವು ಪಂಥಗಳ ಬಿಷಪ್ಪರೂ ಆ ಪಕ್ಷದಲ್ಲಿದ್ದರು. ಲೂಯಿಸಿಯಾನದ ಕಾಯಿದೆ ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಪೆನ್ಸಿಲ್ವೇನಿಯದ ಡೋವರ್ ಪಟ್ಟಣದಲ್ಲಿ ‘ಬುದ್ಧಿಪೂರ್ವಕ ವಿನ್ಯಾಸ’ದ ಪ್ರಸ್ತಾಪವನ್ನು ಜೀವಶಾಸ್ತ್ರದ ತರಗತಿಗೆ ತರುವ ಪ್ರಯತ್ನ ೨೦೦೫ರಲ್ಲಿ ವಿಫಲವಾಯಿತು. ಅಲ್ಲಿ ವಿಕಾಸದ ಪರವಾಗಿ ಸಾಕ್ಷ್ಯ ನುಡಿದ ಪ್ರಮುಖ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕರು.

ಡೇಟನ್ ಪ್ರಸಂಗದ ಜನಪ್ರಿಯ ಚಿತ್ರಣಕ್ಕೆ ೧೯೫೫ರ ‘ಇನ್ಹೆರಿಟ್ ದಿ ವಿಂಡ್’ ನಾಟಕವೂ ೧೯೬೦ರ ಅದರ ಚಲನಚಿತ್ರರೂಪವೂ ಬಹುಮಟ್ಟಿಗೆ ಕಾರಣ. ಆ ನಾಟಕದ ಉದ್ದೇಶ ತನ್ನ ಕಾಲದ ಮೆಕಾರ್ಥಿವಾದದ ವಿಮರ್ಶೆಯೇ ಹೊರತು ೧೯೨೫ರ ಯಥಾರ್ಥ ನಿರೂಪಣೆಯಲ್ಲ. ಎಡ್ವರ್ಡ್ ಲಾರ್ಸನ್ ೧೯೯೭ರಲ್ಲಿ ಪ್ರಕಟಿಸಿದ ‘ಸಮ್ಮರ್ ಫಾರ್ ದಿ ಗಾಡ್ಸ್’ ಈ ಭ್ರಮೆಗಳನ್ನು ತಿದ್ದಿದ ಮುಖ್ಯ ಗ್ರಂಥವಾಗಿದೆ.

ಒಟ್ಟಾರೆಯಾಗಿ ನೋಡಿದರೆ, ಡೇಟನ್ನಿನಲ್ಲಿ ಮುಖಾಮುಖಿಯಾದದ್ದು ಇಡಿಯಾಗಿ ವಿಜ್ಞಾನ ಮತ್ತು ಇಡಿಯಾಗಿ ಧರ್ಮ ಎನ್ನಲಾಗದು. ಸಂಘರ್ಷದ ಗೆರೆ ಧರ್ಮಶ್ರದ್ಧೆಯ ಒಳಗಿನಿಂದಲೇ ಹಾದುಹೋಗಿತ್ತು. ಶ್ರದ್ಧಾವಂತರು ಎರಡೂ ಪಕ್ಷಗಳಲ್ಲಿದ್ದರು. ಪತ್ರಿಕೆಗಳು ವಿಜಯವನ್ನು ಘೋಷಿಸುತ್ತಿದ್ದಾಗಲೇ ಪುಸ್ತಕದ ಪುಟಗಳು ಹಿಂಜರಿದವು. ಸಿದ್ಧಾಂತವೊಂದು ನ್ಯಾಯಾಲಯದಲ್ಲಿ ಸೋತರೆ ಮೇಲ್ಮನವಿಗೆ ಅವಕಾಶವಿರುತ್ತದೆ. ಪಠ್ಯದಿಂದ ಸದ್ದಿಲ್ಲದೆ ಮರೆಯಾದ ಅಧ್ಯಾಯಕ್ಕೆ ಅಂಥ ಅವಕಾಶವಿಲ್ಲ. ಅದು ಅಲ್ಲಿತ್ತೆಂಬುದೇ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಆದುದರಿಂದ ಈ ಸಂಘರ್ಷದ ಇತಿಹಾಸವನ್ನು ಬರೆಯುವವರು ನ್ಯಾಯಾಲಯದ ಕಡತಗಳಷ್ಟೇ ಎಚ್ಚರಿಕೆಯಿಂದ ಶಾಲಾಪುಸ್ತಕಗಳ ಆವೃತ್ತಿಗಳನ್ನೂ ಓದಬೇಕಾಗುತ್ತದೆ.