ಮೈಸೂರಿನ ಹಣ, ಗಯಟೆಯ ಕವಿತೆ

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಸುತ್ತಲಿನ ಮಳವಳ್ಳಿ ಸೀಮೆಯ ಹಳ್ಳಿಗಳಿಗಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಗಗನಚುಕ್ಕಿಯ ನೀರು, ಕೋಲಾರದ ಚಿನ್ನ ಎರಡೂ ಸೇರಿ ಸಂಸ್ಥಾನದ ಕೈ ತುಂಬಿಸಿದವು. ಆ ಸಂಪತ್ತಿನ ಕಾಲದಲ್ಲಿ, 1919ರಲ್ಲಿ ಹುಟ್ಟಿದವರು ಜಯಚಾಮರಾಜ ಒಡೆಯರು.

ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರೆಂದು ಅವರನ್ನು ನಾವು ಬಲ್ಲೆವು. ಅವರ ಇನ್ನೊಂದು ಹುಚ್ಚು ಪಾಶ್ಚಾತ್ಯ ಸಂಗೀತ. ಅರಮನೆಯಲ್ಲಿ ಸುಮಾರು 20,000 ಗ್ರಾಮಫೋನ್ ಪ್ಲೇಟುಗಳಿದ್ದವಂತೆ. ಆ ಹುಚ್ಚಿನಿಂದ ಬದುಕಿಕೊಂಡವನು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ.

ಮೆಟ್ನರ್ 1921ರಲ್ಲಿ ರಷ್ಯಾ ಬಿಟ್ಟವನು, 1935ರಿಂದ ಲಂಡನ್ನಿನಲ್ಲಿದ್ದವನು. ಯುದ್ಧ ಬಂದು ಜರ್ಮನ್ ಪ್ರಕಾಶಕರ ಹಣ ನಿಂತಿತು, ಆರೋಗ್ಯವೂ ಕೆಟ್ಟಿತು. ನೂರಕ್ಕೂ ಹೆಚ್ಚು ಹಾಡುಗಳನ್ನು ಬರೆದಿದ್ದ. ಸಾಹಿತ್ಯ ಮಾತ್ರ ಅವನದಲ್ಲ, ಗಯಟೆ, ಪುಷ್ಕಿನ್‌ರಂಥ ಹಿಂದಿನ ಕವಿಗಳದ್ದು. ನಮ್ಮಲ್ಲಿ ಮಲ್ಲಿಕಾರ್ಜುನ ಮನಸೂರರು ಹನ್ನೆರಡನೆಯ ಶತಮಾನದ ವಚನಗಳನ್ನು ರಾಗಕ್ಕೆ ತಂದದ್ದು ನೆನಪಾಗುತ್ತದೆ. ಆದರೆ ಮನಸೂರರ ಹಾಡಿಕೆಯಲ್ಲಿ ರಾಗ ಅಲ್ಲಿಯೇ ಬೆಳೆಯುತ್ತದೆ. ನಾಳೆ ಅದೇ ವಚನ ಬೇರೆ ತಿರುವು ತೆಗೆದುಕೊಂಡೀತು. ಅಲ್ಲಿ ಹಾಗಲ್ಲ. ಪ್ರತಿ ಸ್ವರವನ್ನೂ ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಪಿಯಾನೋ ಕೂಡ ಪಕ್ಕವಾದ್ಯವಲ್ಲ, ಕವಿತೆ ಹೇಳದೆ ಬಿಟ್ಟದ್ದನ್ನು ಅದು ಹೇಳುತ್ತದೆ. ಆದರೆ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದು ಕಾಗದದಲ್ಲಿ ಪೂರ್ತಿ ಇಳಿಯುವುದಿಲ್ಲ. ಅದಕ್ಕೆ ನಮ್ಮ ಗುರುಮನೆಗಳಲ್ಲಿ ಪಾಠಾಂತರ ಎನ್ನುತ್ತಾರೆ.

ಒಡೆಯರ ಹಣ ಉಳಿಸಿದ್ದು ಈ ಪಾಠಾಂತರವನ್ನು. ಅವರ ನೆರವಿನಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್‌ಎಂವಿ ಕಂಪನಿ ಅವನ ಕೃತಿಗಳನ್ನು ಮುದ್ರಿಸಿತು. ಓಡಾ ಸ್ಲೊಬೊಡ್‌ಸ್ಕಾಯಾ ರಷ್ಯನ್ ಹಾಡುಗಳನ್ನು ಹಾಡಿದರು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಗಯಟೆಯನ್ನು ಹಾಡಿದಾಗ ಎಪ್ಪತ್ತರ ಮೆಟ್ನರ್ ತಾನೇ ಪಿಯಾನೋ ಮುಂದೆ ಕುಳಿತ. ಮರುವರ್ಷ ನವೆಂಬರಿನಲ್ಲಿ ತೀರಿಕೊಂಡ. ಆ ಕಾಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ನಾಲ್ಕು ನಿಮಿಷದಷ್ಟು. ದೊಡ್ಡ ಕೃತಿಗಳಿಗೆ ಅದು ಶಾಪ; ಚಿಕ್ಕ ಹಾಡಿಗೆ ಅಳತೆ ತೆಗೆದು ಹೊಲಿಸಿದ ಅಂಗಿ. (ಆ ಪ್ಲೇಟು ಆಗುತ್ತಿದ್ದದ್ದು ಅರಗಿನಿಂದ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ.) ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ.

ಇದನ್ನು ಬರೀ ಹೆಮ್ಮೆಯಿಂದ ಬರೆಯಲು ನನಗೆ ಮನಸ್ಸಾಗದು. ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು 1938ರಲ್ಲಿ. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಮೈಸೂರು ಚಲೋ ಹೊರಟದ್ದು 1947ರಲ್ಲಿ. ಲಂಡನ್ನಿನಲ್ಲಿ ಮೆಟ್ನರ್‌ನ ಮುದ್ರಣ ನಡೆಯುತ್ತಿದ್ದದ್ದೂ ಅದೇ ವರ್ಷ. ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಧ್ವನಿಮುದ್ರಣಗಳಿಗೂ ಒಡೆಯರು ಕೊಡಲೊಪ್ಪಿದ ಹಣ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ. ಆ ದುಡ್ಡು ಮಳವಳ್ಳಿಯಲ್ಲಿ ಏನೇನು ಮಾಡಬಹುದಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಡು ಚೆನ್ನಾಗಿದೆ ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ. ಆದರೂ ಹಾಡು ಚೆನ್ನಾಗಿದೆ.

ಇನ್ನೊಂದು ಸಂಗತಿ. ರಿಚರ್ಡ್ ಸ್ಟ್ರಾಸ್ 1948ರಲ್ಲಿ ಬರೆದ ಕೊನೆಯ ನಾಲ್ಕು ಹಾಡುಗಳಲ್ಲಿ ಮೂರು ಹೆಸ್ಸೆಯ ಕವಿತೆಗಳು. ಒಂದು, 1857ರಲ್ಲೇ ತೀರಿಕೊಂಡಿದ್ದ ಐಖೆನ್‌ಡಾರ್ಫ್‌ನದು. ಸ್ಟ್ರಾಸ್ ಅವನ್ನು ಕೇಳದೆಯೇ ಸತ್ತ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿ ಹಾಡಿದರು, ನಿರ್ದೇಶನ ಫುರ್ಟ್‌ವೆಂಗ್ಲರ್‌ನದು. ಹಣದ ಭರವಸೆ ಒಡೆಯರದು. ಅಷ್ಟರಲ್ಲಿ ಅವರು ರಾಜರಲ್ಲ, ಗಣರಾಜ್ಯದ ರಾಜಪ್ರಮುಖರು. ಅವರಿಗಾಗಿ ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸಿದರು.

ಆ ಮುದ್ರಣ ಈಗ ಕೇಳಸಿಗುತ್ತದೆ. ಕರಕರ ಸದ್ದು, ದೂರದ ದನಿ. ಕೊನೆಯಲ್ಲಿ ಐಖೆನ್‌ಡಾರ್ಫ್‌ನ ಹಾಡು, ಮುಸ್ಸಂಜೆಯದು. ದನಿ ನಿಂತ ಮೇಲೂ ವಾದ್ಯಗಳು ತುಸು ಹೊತ್ತು ನುಡಿಯುತ್ತವೆ. ಆ ಕರಕರದ ನಡುವೆಯೇ ಕೊಳಲುಗಳಲ್ಲಿ ಎರಡು ಹಕ್ಕಿಗಳು ಕೂಗುತ್ತವೆ.