ಅಧಿಕಾರ, ಹಕ್ಕು, ಬಹಿಷ್ಕಾರ

1948ನೆಯ ಇಸವಿ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ ಬಂದ ಮತಗಳು 48. ವಿರೋಧವಾಗಿ ಒಂದೂ ಇರಲಿಲ್ಲ. ಎಂಟು ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಘೋಷಣೆಯ ಮೊದಲನೆಯ ವಿಧಿಯ ಕರಡಿನಲ್ಲಿ ಮನುಷ್ಯರೆಲ್ಲರನ್ನೂ ಸೂಚಿಸಲು ಬಳಸಿದ್ದ ಇಂಗ್ಲಿಷ್ ಪದವು ‘ಪುರುಷರು’ ಎಂಬ ಅರ್ಥವನ್ನೂ ಕೊಡುವಂತಹುದಾಗಿತ್ತು. ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹತಾ ಅವರು ಆ ಪದವು ಸಲ್ಲದೆಂದು ವಾದಿಸಿದರು. ಅದರಲ್ಲಿ ಸ್ತ್ರೀಯರೂ ಅಡಕವಾಗಿರುವರೆಂಬ ಸಮಾಧಾನಕ್ಕೆ ಅವರು ಒಪ್ಪಲಿಲ್ಲ. ಕಡೆಗೆ ‘ಎಲ್ಲ ಮಾನವಜೀವಿಗಳು’ ಎಂಬ ಅರ್ಥದ ಪಾಠವೇ ನಿಂತಿತು.

ಒಂದು ಪದಕ್ಕಾಗಿ ಇಷ್ಟು ಚರ್ಚೆಯೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಶಾಸ್ತ್ರಗಳನ್ನು ಓದಿದವರಿಗೆ ಇದು ಹೊಸದಲ್ಲ. ಇದೇ ಪ್ರಶ್ನೆಯು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಬಂದಿದೆ. ಆ ಅಧ್ಯಾಯದ ವಿಷಯವೇ ‘ಅಧಿಕಾರ’. ಸ್ವರ್ಗವನ್ನು ಬಯಸುವವನು ಯಾಗವನ್ನು ಮಾಡಬೇಕೆಂಬ ವಿಧಿಯಲ್ಲಿ ‘ಸ್ವರ್ಗಕಾಮ’ ಎಂಬ ಪದವು ಪುಲ್ಲಿಂಗದಲ್ಲಿದೆ. ಆದ್ದರಿಂದ ಯಾಗದ ಅಧಿಕಾರ ಪುರುಷನಿಗೆ ಮಾತ್ರ ಎಂದು ಐತಿಶಾಯನ ಎಂಬ ಆಚಾರ್ಯನ ಮತ. ಇಲ್ಲಿ ಲಿಂಗವು ವಿವಕ್ಷಿತವಲ್ಲ, ಸ್ತ್ರೀಪುರುಷರಿಬ್ಬರಿಗೂ ಸಮಾನವಾದ ಜಾತಿಯೇ ವಿವಕ್ಷಿತ ಎಂದು ಬಾದರಾಯಣನ ಮತ. ಜೈಮಿನಿಯು ಎರಡನೆಯದನ್ನೇ ಹಿಡಿದನು. ಪತಿಯೊಡಗೂಡಿ ಎಂಬ ಕಟ್ಟಿನೊಳಗೆ ಸ್ತ್ರೀಗೆ ಅಧಿಕಾರ ದೊರಕಿತು. ಅದೇ ಪಾದದಲ್ಲಿ ಮುಂದೆ ಶೂದ್ರನ ಪ್ರಶ್ನೆ ಏಳುತ್ತದೆ. ಬಾದರಿ ಎಂಬ ಆಚಾರ್ಯನು ಸರ್ವರಿಗೂ ಅಧಿಕಾರವುಂಟೆಂದನು. ಸಿದ್ಧಾಂತವು ಅವನ ಪಕ್ಷವನ್ನು ತಳ್ಳಿಹಾಕಿ ಮೂರು ವರ್ಣಗಳಿಗೆ ಮಾತ್ರ ಬಾಗಿಲು ತೆರೆಯಿತು. ಬಾದರಿಯ ಹೆಸರನ್ನು ಇಂದು ನೆನೆಯುವವರು ವಿರಳ. ನೆನೆಯತಕ್ಕ ಹೆಸರು ಅದು.

ಅಧಿಕಾರವೆಂದರೆ ಮೀಮಾಂಸಕರಲ್ಲಿ ಫಲಸ್ವಾಮ್ಯ, ಎಂದರೆ ಕರ್ಮದ ಫಲಕ್ಕೆ ಒಡೆತನ. ಆದರೆ ಆ ಒಡೆತನವು ಹುಟ್ಟಿನಿಂದ ಎಲ್ಲರಿಗೂ ಬಂದುದಲ್ಲ. ಅರ್ಥಿತ್ವವಿರಬೇಕು, ಸಾಮರ್ಥ್ಯವಿರಬೇಕು, ವಿದ್ಯೆಯಿರಬೇಕು, ಶಾಸ್ತ್ರದ ನಿಷೇಧವಿರಬಾರದು. ಹೀಗೆ ‘ನೀನು ಅರ್ಹನೋ?’ ಎಂದು ಮೊದಲು ಕೇಳುವ ಪದ ಇದು. ಹಿಂದಿಯ ಸಂವಿಧಾನದ ಪಾಠದಲ್ಲಿ ನಮ್ಮ ಮೂಲಭೂತ ಹಕ್ಕುಗಳಿಗೆ ‘ಮೂಲ ಅಧಿಕಾರ’ ಎಂದು ಹೆಸರು. ಕನ್ನಡದಲ್ಲಿಯಾದರೋ ಅಧಿಕಾರವೆಂದೊಡನೆ ಕಚೇರಿಯ ಮೇಜು, ಮೊಹರು, ರುಜು ಕಣ್ಣಮುಂದೆ ಬರುತ್ತವೆ. ಮಠಗಳಲ್ಲಿ ಪೀಠವನ್ನೇರಿಸುವ ವಿಧಿಗೂ ಪಟ್ಟಾಧಿಕಾರವೆಂದೇ ಹೆಸರು. ಹೀಗಾಗಿ ಉತ್ತರ ಭಾರತದ ಬರಹವನ್ನು ಓದುವ ಕನ್ನಡಿಗನು ‘ಮಾನವಾಧಿಕಾರ’ ಎಂಬುದನ್ನು ಮನುಷ್ಯನ ಮೇಲಿನ ಅಧಿಕಾರವೆಂದು ಗ್ರಹಿಸುವ ಅಪಾಯವುಂಟು. ಕನ್ನಡವು ‘ಹಕ್ಕು’ ಎಂಬುದನ್ನು ಆರಿಸಿಕೊಂಡದ್ದು ನಮ್ಮ ಭಾಗ್ಯವೆಂದೇ ಹೇಳಬೇಕು.

ಹನ್ನೆರಡನೆಯ ಶತಮಾನದ ಶಿವಶರಣರು ಮಾನವ ಹಕ್ಕುಗಳ ಸನ್ನದನ್ನು ಬರೆದರೆಂದು ಸಭೆಗಳಲ್ಲಿ ಆಗಾಗ ಹೇಳುವುದುಂಟು. ಅಷ್ಟು ದೊಡ್ಡ ಮಾತು ಅವರಿಗೆ ಬೇಕಿಲ್ಲ. ಹಕ್ಕೆಂಬ ಪದವೂ ಅವರದಲ್ಲ. ಅವರು ಮಾಡಿದುದು ಬೇರೆ. ಅಧಿಕಾರವೆಂಬ ಪ್ರಶ್ನೆಯ ನಾಲ್ಕನೆಯ ಅಂಗವನ್ನು, ಎಂದರೆ ಹುಟ್ಟಿನ ಮೇಲಿನ ನಿಷೇಧವನ್ನು, ಅವರು ಕಿತ್ತುಹಾಕಿದರು. ಇಷ್ಟಲಿಂಗವು ಸ್ತ್ರೀಯ ಅಂಗೈಗೂ ಬಂದಿತು, ಸಮಗಾರನ ಅಂಗೈಗೂ ಬಂದಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹಕ್ಕಾಗಿ ಆ ಇಬ್ಬರು ತಂದೆಯರು ಕಲ್ಯಾಣದಲ್ಲಿ ಪ್ರಾಣ ತೆತ್ತರೆಂದು ಪರಂಪರೆಯು ಹೇಳುತ್ತದೆ. ಪೂಜೆಯ ಅಧಿಕಾರವನ್ನು ಸಹಿಸಿದ ಸಮಾಜವು ನಂಟಸ್ತಿಕೆಯನ್ನು ಸಹಿಸಲಿಲ್ಲ. ಇಂದಿಗೂ ಅದು ಪೂರ್ಣವಾಗಿ ಸಹಿಸಿದೆಯೆಂದು ಹೇಳುವ ಧೈರ್ಯ ನಮಗಿಲ್ಲ.

ಹಕ್ಕು ಎಂಬುದು ಅರಬ್ಬಿಯ ಮಾತು. ಆ ಭಾಷೆಯಲ್ಲಿ ಅದಕ್ಕೆ ಸತ್ಯ ಎಂದೂ ಸಲ್ಲತಕ್ಕದ್ದು ಎಂದೂ ಅರ್ಥ. ದೇವರ ಹೆಸರುಗಳಲ್ಲಿಯೂ ಅದು ಒಂದು. ಪಾರಸಿಯ ಮೂಲಕ ಅದು ಕಂದಾಯದ ಕಾಗದಗಳಲ್ಲಿ ನಮ್ಮ ಹಳ್ಳಿಗಳಿಗೆ ಬಂದಿತು. ಇಲ್ಲಿ ಅದರ ಮೊದಲ ಸೇವೆ ಬಡವನಿಗೆ ಸಂದುದಲ್ಲ. ಹಕ್ಕುದಾರನೆಂದರೆ ಗೌಡ, ಕುಲಕರ್ಣಿ ಮೊದಲಾದ ವಂಶಪಾರಂಪರ್ಯದ ಹುದ್ದೆಯವನು. ಹಕ್ಕೆಂದರೆ ಬೆಳೆಯಲ್ಲಿ ಅವನಿಗೆ ಸಲ್ಲತಕ್ಕ ಪಾಲು. ರಾಶಿ ಮಾಡಿದವನು ನೋಡುತ್ತ ನಿಲ್ಲುತ್ತಿದ್ದನು, ಹಕ್ಕಿನವನು ಅಳೆದುಕೊಂಡು ಹೋಗುತ್ತಿದ್ದನು. ಆದರೂ ಈ ಪದದಲ್ಲಿ ಒಂದು ಗುಣವಿತ್ತು: ಹಕ್ಕು ಬೇಡಿ ಪಡೆಯುವುದಲ್ಲ, ಸಲ್ಲಿಸಲೇಬೇಕಾದುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಬಳಿಕ, ಉಳುವ ಗೇಣಿದಾರನು ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಅದೇ ಹಳೆಯ ಪದವು ಅವನ ಕೈಗೆ ಬಂದಿತು. ಗೇಣಿ ಪಡೆಯುತ್ತಿದ್ದ ಒಡೆಯರ ಸಾಲಿನಲ್ಲಿ ಮಠಗಳೂ ಇದ್ದವೆಂಬುದನ್ನು ಇಲ್ಲಿ ಮರೆಮಾಚಲಾಗದು.

‘ನಾಗರಿಕ ಹಕ್ಕು’ ಎಂಬ ಜೋಡಿಪದವನ್ನು ಓದುವಾಗ ದೇಶವನ್ನು ನೋಡಿ ಅರ್ಥ ಮಾಡಬೇಕು. ಅಮೆರಿಕದ ಇತಿಹಾಸದಲ್ಲಿ ಅದು ವರ್ಣಭೇದದ ವಿರುದ್ಧ ನಡೆದ ಹೋರಾಟದ ಹೆಸರು. 1964ರ ಜುಲೈ 2ರಂದು ಅಧ್ಯಕ್ಷ ಜಾನ್ಸನ್ ಅವರು ರುಜು ಹಾಕಿದ ಕಾಯಿದೆಯು ಆ ಹೆಸರನ್ನೇ ಹೊತ್ತಿದೆ. ನಮ್ಮಲ್ಲಿ 1955ರಲ್ಲಿ ಬಂದ ಕಾಯಿದೆಗೆ ಮೊದಲಿದ್ದ ಹೆಸರು ಅಸ್ಪೃಶ್ಯತಾ ಅಪರಾಧಗಳ ಕಾಯಿದೆ. 1976ರಲ್ಲಿ ಅದನ್ನು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಕರೆದರು. ಮೊದಲಿನ ಹೆಸರಿನಲ್ಲಿ ದೃಷ್ಟಿ ತಪ್ಪು ಮಾಡಿದವನ ಮೇಲಿತ್ತು; ಎರಡನೆಯದರಲ್ಲಿ ಅದು ಬಾವಿಯ ಬಳಿ ಕೊಡ ಹಿಡಿದು ನಿಂತವಳ ಕಡೆಗೆ ತಿರುಗಿತು. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದುದರಿಂದ ಒದಗುವ ಹಕ್ಕೇ ನಾಗರಿಕ ಹಕ್ಕು ಎಂದು ಈ ಕಾಯಿದೆಯ ವ್ಯಾಖ್ಯೆ. ನಗರವಾಸಿ ಎಂಬ ಧಾತ್ವರ್ಥವುಳ್ಳ ಪದವು ಹೆಚ್ಚಾಗಿ ಹಳ್ಳಿಯ ಕೇರಿಗೆ ಬೇಕಾಗಿ ಬಂದುದೊಂದು ವಿಚಿತ್ರ.

ಎಲ್ಲಕ್ಕಿಂತ ಎಚ್ಚರದಿಂದ ಓದಬೇಕಾದ ಮಾತು ‘ಬಹಿಷ್ಕಾರ’. 1880ರಲ್ಲಿ ಐರ್ಲೆಂಡಿನ ಮೇಯೋ ಪ್ರಾಂತದ ರೈತರು ಜಮೀನ್ದಾರನ ಕಾರಭಾರಿಯಾಗಿದ್ದ ಕ್ಯಾಪ್ಟನ್ ಬಾಯ್ಕಾಟ್ ಎಂಬವನೊಡನೆ ಎಲ್ಲ ವ್ಯವಹಾರವನ್ನೂ ನಿಲ್ಲಿಸಿದರು. ಅವನ ಹೆಸರೇ ಇಂಗ್ಲಿಷಿನಲ್ಲಿ ಆ ಕ್ರಿಯೆಯ ಹೆಸರಾಯಿತು. 1955ರ ಡಿಸೆಂಬರ್ 5ರಿಂದ ಅಮೆರಿಕದ ಮಾಂಟ್ಗೊಮರಿ ನಗರದ ಕರಿಯ ಜನರು, ರೋಸಾ ಪಾರ್ಕ್ಸ್ ಅವರ ಬಂಧನವನ್ನು ಪ್ರತಿಭಟಿಸಿ, 381 ದಿನ ಬಸ್ಸು ಹತ್ತಲಿಲ್ಲ. ಇವೆರಡನ್ನೂ ಕನ್ನಡದಲ್ಲಿ ನಾವು ಬಹಿಷ್ಕಾರವೆಂದೇ ಬರೆಯುತ್ತೇವೆ. ನಮ್ಮ ಹಳ್ಳಿಯಲ್ಲಿ ಆ ಪದಕ್ಕೆ ಇರುವ ಅರ್ಥ ಇದಕ್ಕೆ ತೀರ ವಿರುದ್ಧ. ಅಲ್ಲಿ ಬಲ್ಲಿದರು ಬಡವನಿಗೆ ಬಹಿಷ್ಕಾರ ಹಾಕುತ್ತಾರೆ: ನೀರಿಲ್ಲ, ಬೆಂಕಿಯಿಲ್ಲ, ಅಂಗಡಿಯಲ್ಲಿ ಉಪ್ಪಿಲ್ಲ, ಹೊಲದಲ್ಲಿ ಕೂಲಿಯಿಲ್ಲ. ಮಾಂಟ್ಗೊಮರಿಯವರು ತಾವಾಗಿ ಹೊರಗೆ ನಿಂತರು. ನಮ್ಮ ಕೇರಿಯವರನ್ನು ಹೊರಗೆ ನಿಲ್ಲಿಸಿದರು. ಅಂಬೇಡ್ಕರ್ ಅವರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನೂ 1927ರಲ್ಲಿ ‘ಬಹಿಷ್ಕೃತ ಭಾರತ’ ಪತ್ರಿಕೆಯನ್ನೂ ಆರಂಭಿಸಿದಾಗ ಈ ಎರಡನೆಯ ಅರ್ಥವನ್ನೇ ಲೋಕದ ಮುಂದಿಟ್ಟರು.

ಅದನ್ನು ಕಾನೂನಿನ ಮಾತಾಗಿಸಬೇಕೆಂದು ಮೊದಲ ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿ ಅವರೂ ರೆಟ್ಟಮಲೈ ಶ್ರೀನಿವಾಸನ್ ಅವರೂ ಸಲ್ಲಿಸಿದ ಮನವಿಯಲ್ಲಿ ಕೇಳಿದರು. ಸಾಮಾಜಿಕ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಬೇಕು ಎಂಬ ಆ ಬೇಡಿಕೆಗೆ ಅವರು ಮಾದರಿಯಾಗಿ ಹಿಡಿದುದು ಬರ್ಮಾದ 1922ರ ಬಹಿಷ್ಕಾರ ವಿರೋಧಿ ಕಾಯಿದೆಯನ್ನು. 1955ರ ಕಾಯಿದೆಯ ಏಳನೆಯ ಪ್ರಕರಣದಲ್ಲಿ, ಹಕ್ಕನ್ನು ಚಲಾಯಿಸಿದ ಕಾರಣಕ್ಕಾಗಿ ಒಬ್ಬನನ್ನು ಬಹಿಷ್ಕರಿಸುವುದು ಅಪರಾಧವೆಂದು ಬಂದಿತು; ಮನೆ ಬಾಡಿಗೆಗೆ ಕೊಡದಿರುವುದು, ಕೂಲಿಗೆ ಬಾರದಿರುವುದು, ವ್ಯಾಪಾರ ನಿಲ್ಲಿಸುವುದು ಇವೆಲ್ಲ ಬಹಿಷ್ಕಾರವೆಂದು ಅಲ್ಲಿಯೇ ವಿವರಣೆಯಿದೆ. ಅಸ್ಪೃಶ್ಯತೆಯ ಪ್ರಶ್ನೆಯಿಲ್ಲದೆಡೆಯಲ್ಲಿಯೂ ಜಾತಿಯ ಪಂಚಾಯಿತಿಗಳು ತಮ್ಮವರ ಮೇಲೆಯೇ ಹಾಕುವ ಬಹಿಷ್ಕಾರವನ್ನು ತಡೆಯುವ ಪ್ರತ್ಯೇಕ ಕಾಯಿದೆಯನ್ನು ಮಹಾರಾಷ್ಟ್ರದ ಶಾಸನಸಭೆಯು ಅಂಗೀಕರಿಸಿದ್ದು 2016ರಲ್ಲಿ.