ನಾಯಿಗೂ ಒಂದು ನೆಲೆ

ಕಳೆದ ಬೇಸಗೆಯ ರಜೆಯಲ್ಲಿ ಮಂಗಳೂರಿನ ಬೀದಿಗಳನ್ನು ನಾನು ಅಳೆದಷ್ಟು, ಈ ಊರಿಗೆ ಬಂದ ಹದಿನೆಂಟು ವರ್ಷಗಳಲ್ಲಿ ಎಂದೂ ಅಳೆದಿರಲಿಲ್ಲ. ನಾವಿದ್ದ ಮನೆಯನ್ನು ಒಡೆಯರು ಮಾರಿಬಿಟ್ಟರು. ಮೂರು ತಿಂಗಳೊಳಗೆ ತೆರವು ಮಾಡಬೇಕಾಯಿತು. ಬಾಡಿಗೆ ಮನೆಗಳಿಗೆ ಇಲ್ಲಿ ಬರವೇನೂ ಇಲ್ಲ. ಬಿಜೈಯಲ್ಲಿ ಉಂಟು, ಬೆಂದೂರಿನಲ್ಲಿ ಉಂಟು, ಉರ್ವದಲ್ಲಿಯೂ ಉಂಟು. ತೊಡಕು ಇದ್ದದ್ದು ನಮ್ಮ ಸಂಸಾರದಲ್ಲಿ. ಹೆಂಡತಿ, ಮಗಳು, ವಯಸ್ಸಾದ ತಾಯಿ ಇವರಲ್ಲದೆ ಕರಿಯನೆಂಬ ನಾಯಿಯೂ ನಮ್ಮ ಪಾಲಿಗೆ ಸೇರಿದೆ. ತಂದೆಯವರು ತೀರಿಕೊಂಡ ಮೇಲೆ ಪುತ್ತೂರಿನ ಕಡೆಯ ಹಳ್ಳಿಮನೆಯಿಂದ ತಾಯಿ ತಮ್ಮೊಡನೆ ತಂದದ್ದು ಎರಡೇ: ಒಂದು ತಾಮ್ರದ ಚೆಂಬು, ಇನ್ನೊಂದು ಈ ಕರಿಯ. ತಂದೆಯವರ ಹಿಂದೆ ತೋಟ ಸುತ್ತುತ್ತಿದ್ದ ನಾಯಿ ಅದು.

ಮನೆ ತೋರಿಸುವವರು ಮೊದಲು ಊರು ಯಾವುದೆಂದು ಕೇಳುತ್ತಾರೆ. ಬಳಿಕ ಜನ ಯಾವುದೆಂದು. ಆಮೇಲೆ ಮೀನು ಬೇಯಿಸುವವರೋ ಅಲ್ಲವೋ ಎಂದು. ಈ ಮೂರು ಕಡವುಗಳನ್ನು ದಾಟಿದವನು ದಡ ಸೇರಿದೆನೆಂದು ತಿಳಿಯಬಾರದು. ಕದ್ರಿಯ ಬಳಿಯ ಒಬ್ಬ ಹಿರಿಯರು ನನ್ನ ಉದ್ಯೋಗ ಕೇಳಿ ಬಹಳ ಸಂತೋಷಪಟ್ಟರು. ಮುಂಗಡದ ಮಾತೂ ಮುಗಿಯಿತು. ಏಳುವಾಗ ನಾನೇ ಹೇಳಿದೆ:

“ನಮ್ಮಲ್ಲಿ ಒಂದು ನಾಯಿ ಉಂಟು.”

“ನಾಯಿಯಾ? ಅದಾಗ್ಲಿಕ್ಕಿಲ್ಲ ಮಾಷ್ಟ್ರೇ. ಮೇಲಿನವರು ಸುಮ್ಮನಿರುವುದಿಲ್ಲ. ನಿಮಗೆ ಊರಿನಲ್ಲಿ ತೋಟ ಉಂಟಲ್ಲ, ಅಲ್ಲಿ ಬಿಟ್ಟು ಬನ್ನಿ.”

ಮನೆಗೆ ಬಂದು ತಾಯಿಗೆ ಇದನ್ನು ತಿಳಿಸಿದಾಗ ಅವರು ಕೋಪಿಸಿಕೊಳ್ಳಲಿಲ್ಲ. “ಹಾಗಾದರೆ ನನ್ನನ್ನೂ ಅಲ್ಲಿಯೇ ಬಿಡು” ಎಂದಷ್ಟೇ ಹೇಳಿ ಒಳಗೆ ಹೋದರು. ಎಪ್ಪತ್ತಾರು ವಯಸ್ಸಿನವರನ್ನು ಬೀಗ ಹಾಕಿದ ಹಳ್ಳಿಮನೆಯಲ್ಲಿ ಒಂಟಿಯಾಗಿ ಬಿಡುವುದು ಹೇಗೆ?

ನನಗೆ ಮಹಾಪ್ರಸ್ಥಾನಿಕ ಪರ್ವದ ಕಥೆ ನೆನಪಾಯಿತು. ಧರ್ಮರಾಯನ ಬೆನ್ನುಹತ್ತಿ ಬಂದ ನಾಯಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದು ಇಂದ್ರನೇ ತಡೆದನಷ್ಟೆ. ನಂಬಿ ಬಂದ ಪ್ರಾಣಿಯನ್ನು ಬಿಟ್ಟು ಬರುವ ಸ್ವರ್ಗ ತನಗೆ ಬೇಡವೆಂದ ಧರ್ಮರಾಯನಿಗೆ ಆ ನಾಯಿಯೇ ಧರ್ಮದೇವತೆಯಾಗಿ ಕಾಣಿಸಿಕೊಂಡಿತು. ಕುಮಾರವ್ಯಾಸನು ಗದಾಪರ್ವಕ್ಕೆ ಲೇಖನಿಯನ್ನಿಳಿಸಿದ್ದರಿಂದ ಈ ಪ್ರಸಂಗವನ್ನು ಅವನ ಬಾಯಿಂದ ಕೇಳುವ ಭಾಗ್ಯ ಕನ್ನಡಿಗರಿಗಿಲ್ಲ. ಮುಂದಿನ ಪರ್ವಗಳನ್ನು ಹಾಡಿದ ತಿಮ್ಮಣ್ಣ ಕವಿಯನ್ನು ಓದುವವರು ವಿರಳ.

ಪುರಾಣದ ಮಾತು ಹಾಗಿರಲಿ. ಕನ್ನಡ ನಾಡಿನಲ್ಲಿ ನಾಯಿಗೆ ನೆಲೆ ದೊರೆತ ಸಂಗತಿ ಕಲ್ಲಿನ ಮೇಲೆಯೇ ಉಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಿಲೆಯನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲು ಕಂಡೆ. ಅದರ ಕಾಲ ಶಕ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ಚೋಳರೊಡನೆ ತಕ್ಕೋಲದಲ್ಲಿ ಕಾದಿದ ಯುದ್ಧ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಚೋಳ ರಾಜಾದಿತ್ಯನು ಗಂಗರ ಇಮ್ಮಡಿ ಬೂತುಗನ ಕೈಯಲ್ಲಿ ಮಡಿದನೆಂದು ಹೇಳುವ ಶಾಸನವೇ ಇದು. ಆದ್ದರಿಂದ ವಿದ್ವಾಂಸರು ಇದನ್ನು ಓದುವುದು ಹೆಚ್ಚಾಗಿ ರಾಜರ ಸಲುವಾಗಿ. ಕಲ್ಲಿನ ನಡುವೆ ಬಿಡಿಸಿರುವ ಚಿತ್ರವಾದರೋ ರಾಜರದಲ್ಲ. ಒಂದು ನಾಯಿ, ಒಂದು ಹಂದಿ, ಒಂದನ್ನೊಂದು ಹಿಡಿದುಕೊಂಡಿವೆ.

ಆ ಯುದ್ಧದಲ್ಲಿ ಸಗರವಂಶದ ಮಣಲೇರನೆಂಬ ವೀರ ಮುಂದೆ ನಿಂತು ಹೋರಾಡಿದ. ಒಡೆಯನು ಮೆಚ್ಚಿ, ಬೇಡಿದ್ದನ್ನು ಕೊಡುತ್ತೇನೆಂದನು. ಮಣಲೇರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೂತುಗನು ಅವನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚಾಗಿ ಕೊಟ್ಟನೆಂಬುದು ಬೇರೆ ಮಾತು. ಬಾಳ್ಗಚ್ಚೆಂದರೆ ಕತ್ತಿ ತೊಳೆದ ಗೌರವಕ್ಕೆ ಕೊಡುವ ದತ್ತಿ. ಇಂಥ ಒಳ್ಳೆಯ ಮಾತನ್ನು ನಾವು ಕಳೆದುಕೊಂಡೆವಲ್ಲ ಎಂದು ನನಗೆ ಆಗಾಗ ವ್ಯಥೆಯಾಗುತ್ತದೆ. ಕಾಳಿಯನ್ನು ಮುಂದೆ ಕೆಳಲೆನಾಡಿನ ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಡನೆ ಸತ್ತವು. ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುವುದೆಂದು ಶಾಪ ಬೇರೆ. ಕಾಳಿ ಮಾಡಿದ ಪಾಪವೇನಿದ್ದೀತು? ಶಾಸನ ಅದನ್ನು ಹೇಳುವುದಿಲ್ಲ.

ಇದಕ್ಕೂ ಮೂರು ಶತಮಾನ ಹಿಂದೆ, ಪಲ್ಲವ ಮಹೇಂದ್ರವರ್ಮನ ಕಾಲದಲ್ಲಿ, ತಮಿಳುನಾಡಿನ ಎಡುತ್ತನೂರಿನಲ್ಲಿ ಕಳ್ಳರನ್ನು ಕಚ್ಚಿದ ಕೋವಿವನ್ ಎಂಬ ನಾಯಿಗೂ ವೀರಗಲ್ಲಿನಲ್ಲಿ ಸ್ಥಾನ ದೊರೆತಿದೆ. ನಮ್ಮ ತುಳುನಾಡಿನಲ್ಲಿ ಇಂಥ ಕಲ್ಲನ್ನು ನಾನು ಕಂಡಿಲ್ಲ. ಆತಕೂರಿನ ಕಲ್ಲು ನಿಂತ ಎರಡು ದಶಕಗಳೊಳಗೆ, 968ರಲ್ಲಿ, ಆಳುಪ ಕುಂದವರ್ಮನು ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ. ಅದೇ ಕದ್ರಿಯ ಜೋಗಿಮಠದಲ್ಲಿ ಕಾಲಭೈರವನಿಗೆ ಪೂಜೆ ಸಲ್ಲುತ್ತದೆ. ಭೈರವನ ವಾಹನ ಯಾವುದೆಂದು ಹೇಳಬೇಕಾಗಿಲ್ಲ. ನನಗೆ ಮನೆಯಿಲ್ಲವೆಂದ ಹಿರಿಯರ ಗೇಟಿನಿಂದ ಈ ಮಠ ದೂರವೇನಲ್ಲ.

ಆದರೂ ಅವರನ್ನು ಹಳಿದುಬಿಡುವುದು ನ್ಯಾಯವಲ್ಲ. ನಮ್ಮ ಹಿರಿಯರಾದರೂ ನಾಯಿಯನ್ನು ಮನೆಯೊಳಗೆ ಬಿಟ್ಟುಕೊಂಡಿದ್ದರೆ? ಅದರ ಎಲ್ಲೆ ಅಂಗಳ. ಹೆಚ್ಚೆಂದರೆ ಜಗಲಿಯ ಮೆಟ್ಟಿಲು. ಹೊಸ್ತಿಲು ದಾಟಿದರೆ ಕಟ್ಟಿಗೆಯ ಕೊಳ್ಳಿ ಬೀಳುತ್ತಿತ್ತು. ಪುಚ್ಚೆಗೆ, ಎಂದರೆ ಬೆಕ್ಕಿಗೆ, ಅಟ್ಟದವರೆಗೂ ಸ್ವಾತಂತ್ರ್ಯ. ನಾಯಿಗೆ ಹೊರಗಿನ ಕಾವಲು. ಅಂಗಳವಿದ್ದಷ್ಟು ಕಾಲ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಮಂಗಳೂರು ಆಗ ಅಂಗಳಗಳ ಊರು. 1865ರಲ್ಲಿ ಬಾಸೆಲ್ ಮಿಷನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಕೆಂಪಾದವು, ಹಿತ್ತಲು ಹಾಗೆಯೇ ಉಳಿಯಿತು. 1866ರಲ್ಲಿ ಪುರಸಭೆ ಬಂದಿತು. ಹಿತ್ತಲಿಗೆ ಅದರಿಂದಲೂ ಬಾಧಕವಾಗಲಿಲ್ಲ. ಇದಕ್ಕೆ ಜಿಲ್ಲೆಯ ಭೂಹಿಡುವಳಿಯೂ ಒಂದು ಕಾರಣ. ಚಾಲಗೇಣಿಯವನನ್ನು ಒಡೆಯನು ಬಿಡಿಸಬಹುದಾಗಿತ್ತು. ಮೂಲಗೇಣಿಯವನ ಸಂಗತಿ ಬೇರೆ: ಗೊತ್ತಾದ ಗೇಣಿಯನ್ನು ಸಲ್ಲಿಸುತ್ತಿರುವವರೆಗೆ ನೆಲ ಅವನ ಮಕ್ಕಳು ಮೊಮ್ಮಕ್ಕಳಿಗೂ ನಡೆಯುತ್ತಿತ್ತು. ಊರೊಳಗಿನ ಎಷ್ಟೋ ಮನೆಗಳು ಇಂಥ ನೆಲದ ಮೇಲೆ ಎದ್ದವು. ನೆಲ ಬೇರೆಯವರದು, ಮನೆ ತನ್ನದು. ನಾಯಿ ಸಾಕಲು ಯಾರ ಅಪ್ಪಣೆ ಬೇಕು?

ಹೆದರಿಕೆಗೂ ಒಂದು ಚರಿತ್ರೆಯುಂಟು. ಹುಚ್ಚುನಾಯಿ ಕಚ್ಚಿದವನಿಗೆ ಹಿಂದೆ ಮಂತ್ರವಾದಿಯ ಹೊರತು ಗತಿಯಿರಲಿಲ್ಲ. ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ಬಾಗಿಲು ತೆರೆದದ್ದು 1907ರಲ್ಲಿ; ರೈಲು ಮಂಗಳೂರನ್ನು ಮುಟ್ಟಿದ್ದೂ ಅದೇ ವರ್ಷ. ನೀಲಗಿರಿಯವರೆಗೆ ಹೋಗಿ ಹೊಟ್ಟೆಗೆ ಚುಚ್ಚಿಸಿಕೊಳ್ಳುವ ಕಥೆಯನ್ನು ಕೇಳಿ ಬೆಳೆದ ತಲೆಮಾರು ನಾಯಿಗೆ ಅಂಜಿದರೆ ಆಶ್ಚರ್ಯವಿಲ್ಲ.

ಕಾನೂನನ್ನು ಮಗಳ ಒತ್ತಾಯಕ್ಕೆ ಸ್ವಲ್ಪ ತಿರುವಿ ನೋಡಿದೆ. 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ ನೆರೆಹೊರೆಗೆ ಉಪದ್ರವ ಕೊಡುವ ಬಾಡಿಗೆದಾರನನ್ನು ಬಿಡಿಸಲು ಅವಕಾಶವಿತ್ತು. ನಾಯಿಯ ಬೊಗಳು ಉಪದ್ರವವೋ ಅಲ್ಲವೋ, ಅದು ನ್ಯಾಯಾಧೀಶರ ಕಿವಿಗೆ ಸೇರಿದ್ದು. 1976ರ ತಿದ್ದುಪಡಿಯಿಂದ ಜೀವಿಗಳಲ್ಲಿ ದಯೆ ಪ್ರಜೆಯ ಕರ್ತವ್ಯವೆಂದು ಸಂವಿಧಾನದಲ್ಲಿಯೇ ಸೇರಿತು. ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ, ವಸತಿ ಸಮುಚ್ಚಯಗಳ ಸಂಘಗಳು ಬಹುಮತದಿಂದಲೂ ನಾಯಿ ಸಾಕುವುದನ್ನು ನಿಷೇಧಿಸಲಾಗದೆಂದು ಸೂಚಿಸಿತು. ಇದನ್ನೆಲ್ಲ ಓದಿ ಹೇಳಿದರೆ ಮನೆಯ ಒಡೆಯರು ನಗುತ್ತಾರೆ. ಸಂಘ ತಡೆಯಬಾರದು, ಸರಿ. ಒಡೆಯನು ತನ್ನ ಬೀಗದ ಕೈಯನ್ನು ಇಂಥವನಿಗೇ ಕೊಡಬೇಕೆಂದು ಅಲ್ಲಿ ಎಲ್ಲಿ ಬರೆದಿದೆ?

ಹನ್ನೊಂದು ಮನೆ ನೋಡಿದ ಮೇಲೆ ಕುಲಶೇಖರದ ಒಳದಾರಿಯಲ್ಲಿ ಹಳೆಯದೊಂದು ಹೆಂಚಿನ ಮನೆ ಸಿಕ್ಕಿತು. ಒಡತಿ ಎಂಬತ್ತರ ಹತ್ತಿರದ ಬಾಯಮ್ಮ. ಹಿಂಬದಿಯ ಚಿಕ್ಕ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾಯಿಯ ಮಾತೆತ್ತಿದಾಗ ಅವರು ಕೇಳಿದ್ದು, “ಕೋಳಿ ಹಿಡಿಯುತ್ತದಾ?” ಎಂದು. ಇಲ್ಲವೆಂದೆ. “ತೆಂಗಿನಕಾಯಿ ತೆಗೆಯುವವರು ಬಂದಾಗ ಕಟ್ಟಿ ಹಾಕಿ, ಅಷ್ಟೇ” ಎಂದರು. ಅವರ ಮಕ್ಕಳು ಹೊರದೇಶದಲ್ಲಿದ್ದಾರೆ. ಬರುವ ವರ್ಷ ಮನೆ ಕೆಡವಿ ಏಳು ಮಹಡಿ ಎಬ್ಬಿಸುವ ಮಾತು ನಡೆದಿದೆಯಂತೆ. ಕರಾರು ಹನ್ನೊಂದು ತಿಂಗಳಿಗೆ. ಮನೆಯಲ್ಲಿರುವವರ ಹೆಸರು ಬರೆಯುವ ಕಡೆ, ತಾಯಿಯ ಹಟಕ್ಕೆ, “ನಾಯಿ ಒಂದು” ಎಂದು ಕೊನೆಗೆ ಸೇರಿಸಿದೆ. ಬಾಯಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿ ರುಜು ಮಾಡಿದರು.

ಕರಿಯ ಹೊಸ ಮನೆಯ ಜಗಲಿಯ ಮೇಲೆ ಮಲಗುತ್ತಾನೆ. ಬಾಗಿಲು ತೆರೆದಿದ್ದರೂ ಹೊಸ್ತಿಲು ದಾಟುವುದಿಲ್ಲ. ಹಳ್ಳಿಯಲ್ಲಿ ತಂದೆಯವರು ಕಲಿಸಿದ್ದು. ರಾತ್ರಿ ತಾಯಿ ಎರಡು ಸಲ ಎದ್ದು ದೀಪ ಹಾಕಿ, ಅಲ್ಲಿದ್ದಾನೆಯೇ ಎಂದು ನೋಡಿ ಮಲಗುತ್ತಾರೆ.